ಹೆಡ್‌ಸೆಟ್ ಹಾಕಿಕೊಂಡವರ ತಲೆಯನ್ನು ನಾವು ತಿರುಗಿಸಬಾರದು

ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸಲು ಕಲಿಯುವವರಿಗೆ ವಿಆರ್ ತರಬೇತಿ, ಅಂದರೆ ಕಣ್ಣಿಗೆ ಹೆಡ್‌ಸೆಟ್ ಹಾಕಿ ಕಂಪ್ಯೂಟರ್ ಸೃಷ್ಟಿಸಿದ ಗೋದಾಮಿನಲ್ಲಿ ಕಲಿಸುವ ತರಬೇತಿ, ಸಿದ್ಧಪಡಿಸುವುದು ನನ್ನ ಕೆಲಸ. ನಮ್ಮ ತಂಡಕ್ಕೆ ಸೇರುವ ಹುಡುಗ ಹುಡುಗಿಯರು ಮೊದಲು ಗ್ರಾಫಿಕ್ಸ್ ಬಗ್ಗೆ ಕೇಳುತ್ತಾರೆ. ನಾನು ಮೊದಲು ಕಿವಿಯ ಬಗ್ಗೆ ಹೇಳುತ್ತೇನೆ.

ಒಳಗಿವಿಯ ಮೂರು ಅರ್ಧವೃತ್ತ ನಾಳಗಳು ತಲೆ ತಿರುಗಿದ್ದನ್ನು ಮಿದುಳಿಗೆ ತಿಳಿಸುತ್ತವೆ. ಪಕ್ಕದಲ್ಲೇ ಇರುವ ಸುಣ್ಣದ ಸಣ್ಣ ಹರಳುಗಳು ದೇಹ ವಾಲಿದ್ದನ್ನು, ಮುಂದಕ್ಕೋ ಹಿಂದಕ್ಕೋ ಜಗ್ಗಿದ್ದನ್ನು ತಿಳಿಸುತ್ತವೆ. ಹೆಡ್‌ಸೆಟ್ ಹಾಕಿ ಕೂತವರಿಗೆ ಗಾಡಿ ಹೊರಟಿತು ಅನ್ನುತ್ತದೆ ಕಣ್ಣು. ಕೂತಲ್ಲೇ ಇದ್ದೀಯ ಅನ್ನುತ್ತದೆ ಕಿವಿ. ಈ ತಕರಾರೇ ಹೊಟ್ಟೆ ತೊಳಸಲು ಕಾರಣ ಎಂಬ ವಾದವನ್ನು 1970ರ ದಶಕದಲ್ಲಿ ಬೆಳೆಸಿದವರಲ್ಲಿ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಮುಖ್ಯರು. ಎರಡೂ ಕಿವಿಗಳ ಸಮತೋಲನ ಶಕ್ತಿ ಪೂರ್ತಿ ಹೋದವರಿಗೆ ಪ್ರಯಾಣದ ವಾಕರಿಕೆ ಬರುವುದಿಲ್ಲ ಎಂಬುದು ಇದಕ್ಕೆ ಬಲವಾದ ಪುರಾವೆ.

ಕಿವಿಗೆ ಒಂದೇ ಸಮನಾದ ವೇಗ ಗೊತ್ತಾಗುವುದಿಲ್ಲ, ವೇಗದ ಬದಲಾವಣೆ ಮಾತ್ರ ಗೊತ್ತಾಗುತ್ತದೆ. ಆದ್ದರಿಂದ ನಿಧಾನವಾಗಿ ಏರುತ್ತಲೇ ಇರುವ ವೇಗಕ್ಕಿಂತ ಚುಟುಕಾಗಿ ಏರಿ ನಿಲ್ಲುವ ವೇಗ ಒಳ್ಳೆಯದು. ತಿರುವುಗಳು ಇನ್ನೂ ಕಷ್ಟ. ಫೋರ್ಕ್‌ಲಿಫ್ಟ್‌ನಲ್ಲಿ ಸ್ಟೀರಿಂಗ್‌ಗೆ ಹೊರಳುವುದು ಹಿಂದಿನ ಚಕ್ರ. ಸ್ಟೀರಿಂಗ್ ಸ್ವಲ್ಪ ಹೊರಳಿಸಿದರೂ ಬಾಲ ಬೀಸಿ, ಇಡೀ ಗೋದಾಮೇ ಕಣ್ಣೆದುರು ಸರಿದು ಹೋಗುತ್ತದೆ. ಅಲ್ಲಿ ಕೈಹಿಡಿಯುವುದು ಗಾಡಿಯ ಚೌಕಟ್ಟು: ತಲೆಮೇಲಿನ ಗಾರ್ಡ್, ಅದರ ಕಂಬಗಳು, ಎದುರಿಗಿರುವ, ಸರಕು ಎತ್ತುವ ಕಂಬವಾದ ಮಾಸ್ಟ್. ಸರಿಯುವ ಲೋಕದ ನಡುವೆ ಸ್ಥಿರವಾಗಿ ಕಾಣುವುದು ಅವಷ್ಟೇ. ನೋಟಕ್ಕೆ ಅಡ್ಡ ಬರುತ್ತವೆಂದು ಅವನ್ನು ತೆಳುವಾಗಿಸಲು ಹೇಳುವವರಿಗೆ ನಾನು ಒಪ್ಪುವುದಿಲ್ಲ.

ಆಗುಂಬೆ ಘಾಟಿಯಲ್ಲಿ ವಾಂತಿ ಮಾಡುವವರು ಪ್ರಯಾಣಿಕರು, ಡ್ರೈವರ್ ಅಲ್ಲ. ಮುಂದಿನ ತಿರುವು ಅವನ ಕೈಯಲ್ಲೇ ಇರುತ್ತದೆ. ಹಾಗಾಗಿ ನುರಿತವರು ಗಾಡಿ ಓಡಿಸಿದ ದೃಶ್ಯವನ್ನು ನಾವು ಹೆಡ್‌ಸೆಟ್‌ನಲ್ಲಿ ತೋರಿಸುವುದಿಲ್ಲ, ಗೋಡೆಯ ಟಿವಿಯಲ್ಲಿ ತೋರಿಸುತ್ತೇವೆ. ಹೆಡ್‌ಸೆಟ್ ಹಾಕಿದ ಮೇಲೆ ಸ್ಟೀರಿಂಗ್ ಕಲಿಯುವವರ ಕೈಯಲ್ಲೇ ಇರಬೇಕು.

ಅಲುಗಾಡುವ ಸೀಟು ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ಗ್ರಾಹಕರು ನಂಬಿರುತ್ತಾರೆ. ಸೀಟಿನಡಿ ಸಣ್ಣ ಕಂಪನ, ಕೈಗೆ ಭಾರ ತಿಳಿಯುವ ಸ್ಟೀರಿಂಗ್ ಇಷ್ಟಿದ್ದರೆ ನಿಜಕ್ಕೂ ಉಪಯೋಗ. ಆದರೆ ಸೀಟೇ ವಾಲುವಂತಿದ್ದು, ಅದು ಚಿತ್ರಕ್ಕಿಂತ ತಡವಾದರೆ ತಕರಾರು ಇನ್ನಷ್ಟು ಬೆಳೆಯುತ್ತದೆ. ಇನ್ನೊಂದು ತೊಡಕೂ ಇದೆ: ಸೀಟು ವಾಲಿದಾಗ ಹೆಡ್‌ಸೆಟ್‌ನ ಸೆನ್ಸರ್ ಅದನ್ನೂ ತಲೆಯ ಚಲನೆ ಎಂದೇ ಲೆಕ್ಕ ಹಾಕುತ್ತದೆ. ಆ ಭಾಗವನ್ನು ಕಳೆಯದಿದ್ದರೆ ಗಾಡಿಯೊಳಗೇ ನೋಟ ಜಾರುತ್ತದೆ.

ತಲೆ ತಿರುಗಿಸಿದ್ದಕ್ಕೂ ಚಿತ್ರ ಬದಲಾಗುವುದಕ್ಕೂ ನಡುವೆ 20 ಮಿಲಿಸೆಕೆಂಡ್ ಮೀರಬಾರದು ಎಂಬುದು ಈ ಕ್ಷೇತ್ರದ ಅಳತೆಗೋಲು. 90 ಹರ್ಟ್ಸ್ ಪರದೆಯಲ್ಲಿ, ಅಂದರೆ ಸೆಕೆಂಡಿಗೆ 90 ಸಲ ಚಿತ್ರ ಬದಲಾಗುವಲ್ಲಿ, ಒಂದು ಫ್ರೇಮ್‌ಗೆ (ಒಂದು ಚಿತ್ರಕ್ಕೆ) ಸಿಗುವುದು ಸುಮಾರು 11 ಮಿಲಿಸೆಕೆಂಡ್. ರ‍್ಯಾಕ್ ತುಂಬ ಪ್ಯಾಲೆಟ್ ಇಟ್ಟು, ಅಷ್ಟರಲ್ಲಿ ಚಿತ್ರ ಸಿದ್ಧವಾಗದೆ ಫ್ರೇಮ್ ತಪ್ಪಿದರೆ ನೆರಳುಗಳನ್ನು ಕೈಬಿಡಿ, ಫ್ರೇಮ್ ಉಳಿಸಿ.

ಇಷ್ಟಾದರೂ ಕೆಲವರಿಗೆ ತಲೆಸುತ್ತು ಬಂದೇ ಬರುತ್ತದೆ. 1993ರಲ್ಲಿ ಪ್ರಕಟವಾದ, 16 ಲಕ್ಷಣಗಳನ್ನು ಕೇಳುವ ಪ್ರಶ್ನಾವಳಿ ಇಂದಿಗೂ ಬಳಕೆಯಲ್ಲಿದೆ. ಆದರೆ ಸೂಪರ್‌ವೈಸರ್ ಪಕ್ಕದಲ್ಲಿ ನಿಂತಿದ್ದರೆ ಎಲ್ಲರದೂ ಒಂದೇ ಉತ್ತರ, "ಏನಿಲ್ಲ ಸಾರ್". ಕೆಲಸ ಕೈತಪ್ಪೀತೆಂಬ ಭಯ ಅವರಿಗೆ. ಅದಕ್ಕೇ ನಾವು ಒಬ್ಬೊಬ್ಬರನ್ನೇ ಕೂರಿಸಿ ಕೇಳುತ್ತೇವೆ. ಹಣೆಯ ಬೆವರು, ಆಕಳಿಕೆ, ಪದೇಪದೇ ಉಗುಳು ನುಂಗುವುದನ್ನು ಗಮನಿಸುತ್ತೇವೆ. ಇವು ಕಂಡರೆ ಅಂದಿನ ಪಾಠ ಅಲ್ಲಿಗೇ ನಿಲ್ಲುತ್ತದೆ, ಆ ಪಾಳಿಯಲ್ಲಿ ಅವರಿಗೆ ನಿಜವಾದ ಗಾಡಿಯ ಕೀಲಿ ಕೊಡುವುದಿಲ್ಲ.