ಅರ್ಧ ರೇಟು ಕೊಟ್ಟರೆ ಚಾದರ ಅರ್ಧ ಒಗೆಯೋಕಾಗುತ್ತಾ?

ಸಾಂಟಾ ಫೆಯಿಂದ ಡಲ್ಲಾಸ್‌ಗೆ ವಾಪಸ್ ಬರುವಾಗ ಟೆಕ್ಸಾಸ್‌ನ ಅಮರಿಲೊದಲ್ಲಿ ಒಂದು ರಾತ್ರಿ ಉಳಿದೆವು. ಎರಡು ಮನೆಯವರು, ಎರಡು ಕಾರು. ಗಾಳಿ ಎಷ್ಟು ಜೋರಿತ್ತೆಂದರೆ ಹೈವೇಲಿ ಟ್ರಕ್ಕುಗಳೇ ಓಲಾಡುತ್ತಿದ್ದವು, ಮಕ್ಕಳದು ಬೇರೆ ರಗಳೆ. ಐ-40 ಹೈವೇ ಪಕ್ಕದ ಒಂದು ಮೋಟೆಲ್‌ನಲ್ಲಿ ಕಾರಿನೊಳಗೆ ಕೂತೇ ಆ್ಯಪ್‌ನಿಂದ ರೂಮು ಬುಕ್ ಮಾಡಿದೆವು.

ಬೆಳಿಗ್ಗೆ ಹೊರಡುವ ಹೊತ್ತಿಗೆ ಕೌಂಟರ್‌ನಲ್ಲಿ ನಡೆದ ಮಾತು ಈ ವಾರ ಪೂರ್ತಿ ನನ್ನ ತಲೆಯಿಂದ ಹೋಗಿಲ್ಲ.

ನನ್ನ ಗೆಳತಿಯ ಗಂಡ ದುಡ್ಡು ವಾಪಸ್ ಕೇಳುತ್ತಿದ್ದರು. ರಾತ್ರಿ ಹೀಟರ್ ಸದ್ದು ಮಾಡುತ್ತಿತ್ತಂತೆ, ಒಂದು ಟವೆಲ್ ಮೇಲೆ ಕಲೆ ಇತ್ತಂತೆ. "ಅರ್ಧ ರೇಟು ಹಾಕ್ಕೊಳ್ಳಿ, ನಾವೂ ಇಂಡಿಯನ್ಸೇ ಅಲ್ವಾ" ಅಂತ ಹಿಂದಿಯಲ್ಲಿ. ಕೌಂಟರ್ ಹಿಂದೆ ಇದ್ದವರು ಅರವತ್ತರ ಆಸುಪಾಸಿನ ಗುಜರಾತಿ ಹೆಂಗಸು. ಹೀಟರ್‌ಗೆ ಸಾರಿ ಕೇಳಿದರು. ಹತ್ತು ಡಾಲರ್ ಕಮ್ಮಿ ಮಾಡ್ತೀನಿ ಅಂದರು. ಇವರು ಬಿಡಲಿಲ್ಲ. ಆಗ ಆಕೆ ಸ್ವಲ್ಪವೂ ಸಿಟ್ಟಿಲ್ಲದೆ ಹೇಳಿದರು: "ಭಾಯಿ, ನೀವು ಅರ್ಧ ಕೊಟ್ಟರೂ ಚಾದರ ನಾನು ಪೂರ್ತಿನೇ ಒಗೀಬೇಕಲ್ಲ."

ಇವರು ನಕ್ಕುಬಿಟ್ಟರು. "ಒಗೆಯೋದು ಮೆಷಿನ್ ಅಲ್ವಾ" ಅಂದರು.

ಆ ನಗು ನನಗೆ ಚುಚ್ಚಿತು. ಯಾಕೆಂದರೆ ಅದಕ್ಕೆ ಸ್ವಲ್ಪ ಮುಂಚೆ ನಾನು ಅದೇ ಹೆಂಗಸಿನ ಜೊತೆ ಲಾಂಡ್ರಿ ರೂಮಿನಲ್ಲಿ ನಿಂತಿದ್ದೆ. ನಿದ್ದೆ ಬರದೆ ಕಾಫಿ ಹುಡುಕಿಕೊಂಡು ಹೋದವಳು, ಬಾಗಿಲು ತೆರೆದಿತ್ತು ಅಂತ ಇಣುಕಿದೆ. ಒಳಗೆ ಬ್ಲೀಚ್ ವಾಸನೆ, ಡ್ರೈಯರ್‌ನ ಬಿಸಿ. ಮೂಲೆಯಲ್ಲಿ ಸೊಂಟದೆತ್ತರ ಚಾದರಗಳ ರಾಶಿ. ಆಕೆ ಒಂದೊಂದನ್ನೇ ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡುತ್ತಿದ್ದರು. ಲಿಪ್‌ಸ್ಟಿಕ್ ಗುರುತು, ರಕ್ತದ ಕಲೆ, ಪಿಜ್ಜಾ ಎಣ್ಣೆ. ಕಲೆ ಇದ್ದದ್ದನ್ನು ಪಕ್ಕಕ್ಕಿಟ್ಟು ಬ್ರಷ್‌ನಿಂದ ಕೈಯಲ್ಲೇ ಉಜ್ಜಿ, ಆಮೇಲೆ ಮೆಷಿನ್‌ಗೆ ಹಾಕುತ್ತಿದ್ದರು. ಬೆರಳ ತುದಿಗಳು ಬಿರುಕು ಬಿಟ್ಟು ಬೆಳ್ಳಗಾಗಿದ್ದವು. ನಾಲ್ಕು ಮೂಲೆಗೂ ಎಲಾಸ್ಟಿಕ್ ಇರುವ ಚಾದರವನ್ನು ಮನೆಯಲ್ಲಿ ನಾನು ಸುಮ್ನೆ ಮುದುರಿ ಕಪಾಟಿಗೆ ತುರುಕುತ್ತೇನೆ. ಆಕೆ ಎರಡೂ ಕೈ ಮೂಲೆಗಳೊಳಗೆ ಹಾಕಿ, ಒಂದರ ಮೇಲೊಂದು ಮಗುಚಿ, ಗಲ್ಲದ ಕೆಳಗೆ ಒತ್ತಿ ಹಿಡಿದು ಮಡಚಿದರೆ ಅದು ಪುಸ್ತಕದಂತೆ ಚೌಕವಾಗಿ ಕೂರುತ್ತಿತ್ತು.

"ಟೀ ಕುಡೀತೀಯಾ ಬೇಟಾ?" ಅಂದರು. ಆಫೀಸಿನ ಹಿಂದೆಯೇ ಅವರ ಮನೆ, ಒಳಗಿನಿಂದ ಒಗ್ಗರಣೆ ಘಮ ಬರುತ್ತಿತ್ತು. ನವಸಾರಿ ಕಡೆಯವರಂತೆ. "ಅಲ್ಲಿ ನಮ್ಮ ಮನೆಗೆ ಪಾತ್ರೆ ತೊಳೆಯೋಕೆ ಒಬ್ಬಳು ಬರ್ತಿದ್ದಳು. ಇಲ್ಲಿಗೆ ಬಂದ ಮೊದಲ ವಾರವೇ ಊರಿನವರ ಕಮೋಡ್ ತೊಳೆದೆ" ಅಂದರು. ಅಷ್ಟೇ. ಅದರಲ್ಲಿ ಗೋಳೂ ಇರಲಿಲ್ಲ, ಜಂಬವೂ ಇರಲಿಲ್ಲ.

ಗುಜರಾತಿಗಳ ಮೋಟೆಲ್ ಅಂದರೆ ನಮ್ಮವರಲ್ಲಿ ಒಂದು ಅಸಡ್ಡೆ ಇದೆ, ಅದನ್ನು ಇಲ್ಲಿನ ಎಷ್ಟೋ ಊಟದ ಮನೆಗಳಲ್ಲಿ ಕೇಳಿದ್ದೇನೆ. ಕಾರಿನಲ್ಲೂ ಅದೇ ಮಾತು ಬಂತು. "ಇವರೆಲ್ಲ ಎಷ್ಟು ದುಡ್ಡು ಮಾಡಿಟ್ಟಿರ್ತಾರೆ ಗೊತ್ತಾ?" ಇರಬಹುದು, ಕೆಲವರು ಮಾಡಿದ್ದಾರೆ. ಆದರೆ ಹೇಗೆ ಮಾಡಿದರು ಅನ್ನೋದನ್ನೂ ನೋಡಬೇಕಲ್ವಾ? 1940ರ ದಶಕದಲ್ಲಿ ಕಾಂಜಿಭಾಯ್ ದೇಸಾಯಿ ಅನ್ನುವವರು ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ಹೋಟೆಲ್ ನಡೆಸಿ, ಊರಿಂದ ಬಂದವರಿಗೂ ಅದೇ ದಾರಿ ತೋರಿಸಿದರು. 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಓಡಿಸಿದ ಎಷ್ಟೋ ಕುಟುಂಬಗಳೂ ಮುಂದೆ ಈ ಕಸುಬಿಗೆ ಬಂದವು. ಹಳೇ ಮೋಟೆಲ್ ಕೊಂಡರೆ ಮನೆಯೂ ಸಿಗುತ್ತದೆ, ಕೆಲಸವೂ ಸಿಗುತ್ತದೆ. ಗಂಡ ಕೌಂಟರ್, ಹೆಂಡತಿ ರೂಮು, ಮಕ್ಕಳು ಸ್ಕೂಲಿಂದ ಬಂದು ಟವೆಲ್ ಮಡಚೋದು. ಇನ್ಶೂರೆನ್ಸ್ ಕಂಪನಿಗಳು ಪಾಲಿಸಿ ಕೊಡೋಕೆ ಹಿಂದೇಟು ಹಾಕುತ್ತಿದ್ದವು. ಪಕ್ಕದ ಮೋಟೆಲ್‌ನವರು 'ಅಮೆರಿಕನ್ ಓನ್ಡ್', ಅಂದರೆ ಮಾಲೀಕರು ಅಮೆರಿಕದವರು, ಅಂತ ಬೋರ್ಡ್ ಹಾಕುತ್ತಿದ್ದರು. ಇದನ್ನೆಲ್ಲ ಎದುರಿಸೋಕೆ 1989ರಲ್ಲಿ ಅಟ್ಲಾಂಟಾದಲ್ಲಿ ಸಂಘ ಕಟ್ಟಿದರು. ಈಗ ಈ ದೇಶದ ಹೋಟೆಲ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮ ಸದಸ್ಯರದ್ದು ಅಂತ ಆ ಸಂಘ ಹೇಳಿಕೊಳ್ಳುತ್ತದೆ.

ಆ ಬೆಳವಣಿಗೆಯಲ್ಲಿ ಹೆಂಗಸರ ಕೆಲಸಕ್ಕೆ ಲೆಕ್ಕ ಬರೆದವರು ಯಾರು? ನಾವು 70 ಡಾಲರ್ ಕೊಟ್ಟ ರೂಮಿನಲ್ಲಿ ಬುಕಿಂಗ್ ಆ್ಯಪ್‌ನವರು ಸಾಮಾನ್ಯವಾಗಿ 15ರಿಂದ 20 ಪರ್ಸೆಂಟ್ ಹಿಡಿಯುತ್ತಾರೆ. ದೊಡ್ಡ ಕಂಪನಿಯ ಬೋರ್ಡ್ ಇದ್ದರೆ ಅವರಿಗೆ ರಾಯಲ್ಟಿ. ಬ್ಯಾಂಕ್ ಕಂತು, ಇನ್ಶೂರೆನ್ಸ್, ಕರೆಂಟು, ನೀರು. ಎಲ್ಲರಿಗೂ ಬಿಲ್ ಇದೆ. ಬಿಲ್ ಹಾಕದವರು ಆ ಲಾಂಡ್ರಿ ರೂಮಿನಲ್ಲಿ ನಿಂತಿದ್ದ ಹೆಂಗಸು ಒಬ್ಬರೇ. ಎಪ್ಪತ್ತು ಡಾಲರ್‌ಗೆ ರೂಮು ಸಿಗೋದು ಅವರಿಂದ.

ಅವರಿಗಿಂತ ಕೆಳಗೂ ಒಬ್ಬರು ಇದ್ದರು. ಗಂಟೆಯ ಲೆಕ್ಕದಲ್ಲಿ ರೂಮು ಕ್ಲೀನ್ ಮಾಡುವ ಒಬ್ಬ ಬಿಳಿ ಹೆಂಗಸು, ಮಂಡಿಗೆ ಪಟ್ಟಿ ಕಟ್ಟಿಕೊಂಡು ಗಾಡಿ ತಳ್ಳುತ್ತಿದ್ದರು. ಟೆಕ್ಸಾಸ್‌ನಲ್ಲಿ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರ್‌ನಲ್ಲೇ ನಿಂತಿದೆ. ಆ ರೇಟಿಗೆ ಯಾರೂ ಬರಲ್ಲ, ಜಾಸ್ತಿನೇ ಕೊಡ್ತೀನಿ ಅಂದರು ಗುಜರಾತಿ ಆಂಟಿ. ಆದರೆ ರೂಮು ತುಂಬದ ವಾರ ಆಕೆಯನ್ನು ಕರೆಯೋದಿಲ್ಲ ಅಂತಲೂ ಅಂದರು. ಮಾಲೀಕರಿಗೆ ಲಾಭ ಕಮ್ಮಿಯಾಗುವ ವಾರ ಆಕೆಗೆ ಸಂಬಳವೇ ಇಲ್ಲ. ಇವರಿಬ್ಬರ ಕಷ್ಟ ಒಂದೇ ಅಂತ ನಾನು ಹೇಳಲಾರೆ.

ಈ ಕೆಲಸ ಎಷ್ಟು ಬಿಗಿಯಲ್ಲಿ ನಡೆಯುತ್ತದೆ ಅಂತ ನಮ್ಮ ಡಲ್ಲಾಸ್‌ನವರಿಗೆ ಹೇಳಿಕೊಡಬೇಕಾಗಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಇಲ್ಲೇ ಒಂದು ಮೋಟೆಲ್‌ನ ಮ್ಯಾನೇಜರ್, ನಮ್ಮ ಕರ್ನಾಟಕದವರು, ಹೆಂಡತಿ ಮಗನ ಕಣ್ಣೆದುರೇ ಕೊಲೆಯಾದರು. ಕೊಂದವನು ಜೊತೆಯಲ್ಲೇ ಕೆಲಸ ಮಾಡುತ್ತಿದ್ದವನು. ಜಗಳ ಶುರುವಾದದ್ದು ಕೆಟ್ಟು ನಿಂತ ಒಂದು ವಾಷಿಂಗ್ ಮೆಷಿನ್ ವಿಷಯಕ್ಕೆ. ಆಗ ಎಲ್ಲರೂ ಅತ್ತೆವು, ಆ ಕುಟುಂಬಕ್ಕೆ ದುಡ್ಡು ಸೇರಿಸಿದೆವು. ಹಾಗೆ ದುಡ್ಡು ಕೊಟ್ಟವರಲ್ಲಿ ಗೆಳತಿಯ ಗಂಡನೂ ಒಬ್ಬರು, ಧಾರಾಳವಾಗಿಯೇ ಕೊಟ್ಟರು. ಕೆಟ್ಟವರಲ್ಲ. ಅದಕ್ಕೇ ನನಗೆ ಜಾಸ್ತಿ ಬೇಜಾರು. ಸತ್ತವರ ಮನೆಗೆ ಕೊಡುವ ಕೈ, ಬದುಕಿರುವವರ ಮುಂದೆ 35 ಡಾಲರ್‌ಗೆ ಯಾಕೆ ಚಾಚುತ್ತದೆ?

ಇದು ಇಲ್ಲಿ ಬಂದು ಕಲಿತ ಚಾಳಿಯಲ್ಲ. ಮೈಸೂರಿನ ನಮ್ಮ ಬೀದಿಯಲ್ಲಿ ಮನೆಕೆಲಸದವರಿಗೆ ಟೀ ಕೊಡುವ ಲೋಟ ಹಿತ್ತಲ ಕಿಟಕಿಯಲ್ಲಿ ಬೇರೆಯಾಗಿ ಇರುತ್ತಿತ್ತು. ಒಂದು ದಿನ ಬರದಿದ್ದರೆ "ರಜೆ ಹಾಕ್ತಾಳೆ" ಅಂತ ಸಂಬಳದಲ್ಲಿ ಹಿಡಿಯುತ್ತಿದ್ದರು. ನೆಂಟರು ಬಂದು ಪಾತ್ರೆ ಎರಡರಷ್ಟು ಬಿದ್ದ ದಿನ ಮಾತ್ರ ಯಾರೂ ಎರಡರಷ್ಟು ಕೊಡುತ್ತಿರಲಿಲ್ಲ. ಮನೆಕೆಲಸಕ್ಕೂ ಕನಿಷ್ಠ ಕೂಲಿ ಅಂತ ಕರ್ನಾಟಕ ಸರ್ಕಾರ 2004ರಲ್ಲೇ ಆದೇಶ ಹೊರಡಿಸಿದೆ. ನಮ್ಮ ಬೀದಿಯಲ್ಲಿ ಆ ಆದೇಶದ ಸುದ್ದಿ ಎತ್ತಿದವರನ್ನು ನಾನು ಕಂಡಿಲ್ಲ. ಸೋಪಿನ ರೇಟು ಒಪ್ಪುತ್ತೇವೆ, ವಾಷಿಂಗ್ ಮೆಷಿನ್ ರಿಪೇರಿಯವನು ಹೇಳಿದ ರೇಟು ಒಪ್ಪುತ್ತೇವೆ, ಕೈಯಲ್ಲಿ ಉಜ್ಜಿದವಳ ರೇಟಿಗೆ ಮಾತ್ರ ಚೌಕಾಸಿ. ಮೆಷಿನ್ ಅಲ್ವಾ ಒಗೆಯೋದು ಅನ್ನುವ ಮಾತಿನ ಬೇರು ಅಲ್ಲಿದೆ ಅನಿಸುತ್ತದೆ ನನಗೆ. ಕೆಲಸ ನಮ್ಮ ಕಣ್ಣಿಗೆ ಬೀಳದಂತೆ ಮುಗಿದಿರಬೇಕು, ಆಮೇಲೆ ಅದು ಕೆಲಸವೇ ಅಲ್ಲ ಅಂತಲೂ ನಾವೇ ಹೇಳಬೇಕು.

ಕೊನೆಗೆ ಅವತ್ತು ಆಂಟಿ ಇಪ್ಪತ್ತು ಡಾಲರ್ ವಾಪಸ್ ಕೊಟ್ಟರು. ನಾನು ನಡುವೆ ಬಾಯಿ ಹಾಕಿ "ಬಿಡಿ, ಸಾಕು" ಅಂದಿದ್ದಕ್ಕೆ ಗೆಳತಿಯ ಗಂಡ ದಾರಿಯುದ್ದಕ್ಕೂ ಮುಖ ಗಂಟು ಹಾಕಿಕೊಂಡಿದ್ದರು. ಮನೆ ಮುಟ್ಟಿದ ಮೇಲೆ ಮೋಟೆಲ್‌ಗೆ ಎರಡು ಸ್ಟಾರ್ ಕೊಟ್ಟು ಟವೆಲ್ ಫೋಟೋ ಹಾಕಿದ್ದಾರೆ. ಸಣ್ಣ ಮೋಟೆಲ್‌ಗೆ ಅಂಥದ್ದೊಂದು ಫೋಟೋ ಎಷ್ಟು ಬುಕಿಂಗ್ ಕಳೆಯುತ್ತದೋ. ಇದನ್ನು ಅವರೂ ಓದುತ್ತಾರೆ, ಓದಲಿ. ಮುಖಾಮುಖಿಯಾಗಿಯೂ ಹೇಳಿದ್ದೇನೆ.

ನಾನೂ ಬರೆದು ಹಾಕಿದೆ. ಚಾದರ ಸ್ವಚ್ಛವಾಗಿತ್ತು, ಬಿಸಿನೀರು ಚೆನ್ನಾಗಿ ಬರುತ್ತಿತ್ತು, ಹೀಟರ್ ಸದ್ದು ಮಾಡುತ್ತದೆ, ಕೇಳಿದರೆ ಆಂಟಿ ಬೇರೆ ರೂಮು ಕೊಡುತ್ತಾರೆ ಅಂತ. ಅವರ ಆಫೀಸಿನ ನಂಬರ್ ಇಟ್ಟುಕೊಂಡಿದ್ದೇನೆ. ಮುಂದಿನ ಸಲ ಆ ದಾರಿಯಲ್ಲಿ ಹೋದರೆ ಆ್ಯಪ್ ಬೇಡ, ನೇರ ಫೋನ್ ಮಾಡಿಯೇ ರೂಮು ಹೇಳುತ್ತೇನೆ, ಆ ಕಮಿಷನ್ ಅಷ್ಟಾದರೂ ಅವರ ಹತ್ತಿರವೇ ಉಳಿಯಲಿ. ಹೊರಡುವಾಗ ಮಂಚದ ಪಕ್ಕ ದುಡ್ಡಿಟ್ಟು ಬರಬೇಕು, ಗಾಡಿ ತಳ್ಳುವ ಆಕೆಗೆ.