ಕಾಲಿನ ಮೇಲಿನ ನೀಲಿ ಗೆರೆ ಲೇಸರ್‌ನಲ್ಲಿ ಹೋಗುತ್ತಾ ಡಾಕ್ಟ್ರೇ?

ಚಿಕ್ಕಬಳ್ಳಾಪುರದ ನನ್ನ ಚರ್ಮದ ಕ್ಲಿನಿಕ್‌ನಲ್ಲಿ ಈ ಪ್ರಶ್ನೆ ಕೇಳದ ವಾರವೇ ಇಲ್ಲ. ತೊಡೆಯ ಮೇಲೆ, ಮಂಡಿಯ ಹಿಂದೆ, ಪಾದದ ಗಂಟಿನ ಹತ್ತಿರ ಜೇಡರ ಬಲೆಯಂತೆ ಹರಡಿದ ಕೆಂಪು, ನೀಲಿ ಗೆರೆಗಳು. ಹೋಗಿಸಬಹುದು. ಆದರೆ ನಮ್ಮ ಮೈಬಣ್ಣಕ್ಕೆ ಲೇಸರ್‌ಗಿಂತ ಇಂಜೆಕ್ಷನ್ನೇ ಮೇಲು ಅಂತ ನಾನು ಹೇಳುತ್ತೇನೆ.

ಇವು 1 ಮಿಲಿಮೀಟರ್‌ಗಿಂತ ಸಣ್ಣ ರಕ್ತನಾಳಗಳು. ಬೆರಳಿನಿಂದ ಒತ್ತಿದರೆ ಮಾಯ, ಬಿಟ್ಟ ಕೂಡಲೇ ಮತ್ತೆ ತುಂಬಿಕೊಳ್ಳುತ್ತವೆ. ಅಮ್ಮನಿಗಿದ್ದರೆ ಮಗಳಿಗೂ ಬರುವುದು ಜಾಸ್ತಿ. ಬಸುರಿಯಲ್ಲಿ ಬಂದವು ಹೆರಿಗೆಯಾದ ಮೇಲೆ ಎಷ್ಟೋ ಸಲ ತಾವಾಗಿಯೇ ಮಾಸುತ್ತವೆ, ಆಗ ಅವಸರ ಬೇಡ. ಬರೀ ಗೆರೆಗಳಾಗಿದ್ದು ನಿಮಗೆ ಬೇಜಾರಿಲ್ಲದಿದ್ದರೆ ಹಾಗೇ ಬಿಡಿ, ಅಪಾಯವಿಲ್ಲ. ಕ್ರೀಮಿಗಂತೂ ದುಡ್ಡು ಹಾಕಬೇಡಿ.

ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ತೆಗೆಯುವ ಕೆಲಸದವರು ಬಂದರೆ ನಾನು ಬೇರೆ ಪ್ರಶ್ನೆಗಳನ್ನೂ ಕೇಳುತ್ತೇನೆ. ಅಲ್ಲಿ ನಿಂತೇ ದಿನ ಕಳೆಯುತ್ತದೆ, ಅಲ್ವಾ? ಸಂಜೆಗೆ ಕಾಲು ಊದುತ್ತಾ, ನರ ಉಬ್ಬಿದೆಯಾ, ಪಾದದ ಗಂಟಿನ ಸುತ್ತ ಚರ್ಮ ಕಪ್ಪಾಗಿದೆಯಾ? ಹೌದು ಅಂದರೆ ಮೊದಲು ಡಾಪ್ಲರ್ ಸ್ಕ್ಯಾನ್, ಅಂದರೆ ನಾಳದೊಳಗೆ ರಕ್ತ ಯಾವ ಕಡೆ ಹರಿಯುತ್ತಿದೆ ಎಂದು ನೋಡುವ ಸ್ಕ್ಯಾನ್. ಒಳಗಿನ ದೊಡ್ಡ ನಾಳದ ಕವಾಟ ಕೆಟ್ಟು ರಕ್ತ ಕೆಳಕ್ಕೆ ಇಳಿಯುತ್ತಿದ್ದರೆ, ಅದನ್ನು ಸರಿಮಾಡದೆ ಮೇಲಿನ ಗೆರೆ ಅಳಿಸುವುದು ದಂಡ.

ಇಂಜೆಕ್ಷನ್‌ಗೆ ಕೂದಲೆಳೆಯಷ್ಟು ಸಣ್ಣ ಸೂಜಿ. ಪಾಲಿಡೋಕನಾಲ್ ಎಂಬ ಔಷಧಿ ನಾಳದೊಳಗೆ ಹೋಗುತ್ತಿದ್ದ ಹಾಗೆ ಗೆರೆ ಕಣ್ಣೆದುರೇ ಬಿಳಚಿಕೊಳ್ಳುತ್ತದೆ. ಔಷಧಿಯಿಂದ ನಾಳದ ಗೋಡೆಗಳು ಕೆರಳಿ ಅಂಟಿಕೊಳ್ಳುತ್ತವೆ, ಆಮೇಲೆ ಮೈಯೇ ಅದನ್ನು ಕರಗಿಸಿಕೊಳ್ಳುತ್ತದೆ. ಬಿಗಿ ಸ್ಟಾಕಿಂಗ್ಸ್ ಹಾಕಿ ತಕ್ಷಣ ನಡೆದಾಡಲು ಕಳಿಸುತ್ತೇನೆ. ಸಣ್ಣ ಗೆರೆ ಮಾಸಲು 3ರಿಂದ 6 ವಾರ ಬೇಕು, ಒಂದೇ ಸಲಕ್ಕೆ ಮುಗಿಯುವುದು ಅಪರೂಪ. ಮುಂದೆ ಬೇರೆ ಕಡೆ ಹೊಸದು ಹುಟ್ಟಬಹುದು. ಬಸುರಿಯರಿಗೆ ಇದನ್ನು ಮಾಡುವುದಿಲ್ಲ. ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದವರು ಅದನ್ನು ಮೊದಲೇ ಹೇಳಬೇಕು.

ಲೇಸರ್‌ನ ತೊಂದರೆ ಏನೆಂದರೆ, ನಾಳಕ್ಕೆ ಸೇರಬೇಕಾದ ಬೆಳಕನ್ನು ಚರ್ಮದ ಬಣ್ಣವೂ ಹೀರುತ್ತದೆ. ಸುಟ್ಟ ಕಲೆ ಉಳಿಯಬಹುದು. ಸೂಜಿಗೆ ಸಿಗದಷ್ಟು ಸಣ್ಣ ಗೆರೆಗಳಿಗೆ ಬೇಕೇ ಬೇಕೆಂದರೆ ಚರ್ಮದ ಬಣ್ಣ ಕಡಿಮೆ ಹೀರುವ, 1064 ನ್ಯಾನೋಮೀಟರ್‌ನ ಎನ್‌ಡಿ ಯಾಗ್ ಎಂಬ ಬಗೆಯ ಲೇಸರ್ ಇದೆಯಾ ಎಂದು ಕೇಳಿ.

ಇಂಜೆಕ್ಷನ್‌ನಲ್ಲೂ ಕಂದು ಕಲೆ ಬೀಳಬಹುದು. ರಕ್ತದ ಕಬ್ಬಿಣದ ಅಂಶ ಚರ್ಮದಲ್ಲಿ ಉಳಿಯುವುದರಿಂದ ಹಾಗಾಗುತ್ತದೆ. ಹೆಚ್ಚಿನವರಿಗೆ ಮಾಸುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಆದ್ದರಿಂದ ಹದಿನೈದು ದಿನಕ್ಕೆ ಮದುವೆ ಇದೆ, ಈಗಲೇ ಮಾಡಿ ಅಂದರೆ ನಾನು ಸೂಜಿ ಹಿಡಿಯುವುದಿಲ್ಲ. ಮದುವೆ ಮುಗಿಸಿಕೊಂಡು ಬನ್ನಿ.