ಆ ಮಿಸ್‌ಗೆ ನಾನು ಇಷ್ಟ ಆಗ್ಲಿಲ್ವಾ?

"ಆಂಟಿ, ಆ ಮಿಸ್‌ಗೆ ನಾನು ಇಷ್ಟ ಆಗ್ಲಿಲ್ವಾ?"

ಡಿಸೆಂಬರ್ ಮೊದಲ ವಾರ ನಮ್ಮ ಅಡುಗೆಮನೆಯಲ್ಲಿ ಕೂತು ಹೀಗೆ ಕೇಳಿದವನಿಗೆ ಮೂರು ವರ್ಷ ತುಂಬಿದ್ದು ಈ ಆಗಸ್ಟ್‌ನಲ್ಲಿ. ನಾವಿರುವುದು ಲಂಡನ್ನಿನ ಹ್ಯಾರೋದಲ್ಲಿ, ಎರಡು ಬೀದಿ ಆಚೆ ಇವನ ಮನೆ. ಅಪ್ಪ ಅಮ್ಮ ದಾವಣಗೆರೆಯವರು. ಅಮ್ಮ ಕೆಲಸದಿಂದ ಬರುವುದು ತಡವಾದರೆ ನರ್ಸರಿಯಿಂದ ನಾನೇ ಕರೆದುಕೊಂಡು ಬರುತ್ತೇನೆ. ಒಂದು ಕೈಯಲ್ಲಿ ನನ್ನ ಮಗಳ ಸ್ಕೂಟರ್, ಇನ್ನೊಂದು ಕೈಯಲ್ಲಿ ಇವನ ಕೈ. ಅವತ್ತೂ ಹಾಗೇ ಬಂದಿದ್ದೆವು.

ನವೆಂಬರ್‌ನಲ್ಲಿ ಇವನನ್ನು ಒಂದು ಖಾಸಗಿ ಶಾಲೆಗೆ 'ಫೋರ್ ಪ್ಲಸ್'ಗೆ, ಅಂದರೆ ನಾಲ್ಕು ವರ್ಷಕ್ಕೆ ಶಾಲೆ ಸೇರುವ ಮಕ್ಕಳ ಆಯ್ಕೆ ಪರೀಕ್ಷೆಗೆ, ಕರೆದುಕೊಂಡು ಹೋಗಿದ್ದರು. ಮುಂದಿನ ಸೆಪ್ಟೆಂಬರ್‌ನಲ್ಲಿ ರಿಸೆಪ್ಷನ್ ತರಗತಿಗೆ, ಅಂದರೆ ಇಲ್ಲಿನ ಶಾಲೆಯ ಮೊದಲ ವರ್ಷಕ್ಕೆ, ಸೇರುವ ಮಕ್ಕಳನ್ನು ಈ ಚಳಿಗಾಲದಲ್ಲೇ ಆರಿಸುತ್ತಾರೆ. ಹೆಸರು ನೋಂದಾಯಿಸಲು ದುಡ್ಡು ಕಟ್ಟಬೇಕು, ಅದು ವಾಪಸ್ ಬರುವುದಿಲ್ಲ. ಅವತ್ತು ಏಳೆಂಟು ಮಕ್ಕಳನ್ನು ಒಂದು ಕೋಣೆಗೆ ಬಿಟ್ಟರಂತೆ. ಪಜಲ್ ಜೋಡಿಸೋಕೆ ಹೇಳಿದರು, ಕಥೆ ಓದಿ ಪ್ರಶ್ನೆ ಕೇಳಿದರು, ಪೆನ್ಸಿಲ್ ಹೇಗೆ ಹಿಡಿಯುತ್ತಾರೆ ನೋಡಿದರು, ಪಕ್ಕದ ಮಗುವಿನ ಜೊತೆ ಆಟಿಕೆ ಹಂಚಿಕೊಳ್ಳುತ್ತಾರಾ ನೋಡಿದರು. ಅಪ್ಪ ಅಮ್ಮ ಹೊರಗೆ ಕಾಯಬೇಕು. ಅಲ್ಲಿದ್ದ ಟೀಚರ್ ಮಂಡಿಯೂರಿ ಕೂತು ಇವನ ಜೊತೆ ತುಂಬಾ ಪ್ರೀತಿಯಿಂದ ಮಾತಾಡಿದ್ದರು. ಇವನು ಮನೆಗೆ ಬಂದು ದಿನಾ "ಆ ಮಿಸ್ ಹತ್ರ ಯಾವಾಗ ಹೋಗೋದು" ಅಂತ ಕೇಳುತ್ತಿದ್ದ. ಆಮೇಲೆ ಇಮೇಲ್ ಬಂತು. ಅವನಮ್ಮ ಫೋನಿನಲ್ಲಿ ತನ್ನ ಅಮ್ಮನಿಗೆ "ತಗೊಳ್ಳಲಿಲ್ಲ ಕಣಮ್ಮ" ಅಂದಿದ್ದು ಅವನ ಕಿವಿಗೆ ಬಿತ್ತು.

ಮೂರು ವರ್ಷದ ಮಗುವಿಗೆ ಸೀಟು, ಪೈಪೋಟಿ, ಆಯ್ಕೆ ಇವೆಲ್ಲ ಏನು ಗೊತ್ತಾಗಬೇಕು? ಒಬ್ಬರು ನಕ್ಕು ಮಾತಾಡಿಸಿದರು, ಆಮೇಲೆ ಬೇಡ ಅಂದರು. ಅವನಿಗೆ ಅರ್ಥವಾಗಿದ್ದು ಅಷ್ಟು.

ಆ ಮಾತು ಎದೆಗೆ ತಾಗಿತು ನಿಜ. ಆದರೆ ಅದಕ್ಕೂ ಮುಂಚೆ ನಾನು ನೋಡಿದ ಇನ್ನೊಂದು ಸಂಗತಿ ಇನ್ನೂ ಜಾಸ್ತಿ ಕಾಡುತ್ತಿದೆ. ಅವನಿಗೆ ಬಿಸ್ಕತ್ತು ಕೊಟ್ಟೆ. ಹಸಿದಿದ್ದ. ಆದರೂ ಬಾಯಿಗೆ ಇಡಲಿಲ್ಲ. ನಿಧಾನವಾಗಿ ಎರಡು ತುಂಡು ಮಾಡಿದ, ದೊಡ್ಡ ತುಂಡನ್ನು ನನ್ನ ಮಗಳ ಕಡೆ ಚಾಚಿದ. ಚಾಚಿದವನು ಅವಳ ಮುಖ ನೋಡಲಿಲ್ಲ, ನನ್ನ ಮುಖ ನೋಡಿದ. "ನಾನು ಶೇರ್ ಮಾಡ್ದೆ" ಅಂದ. ನಾನು ಗಮನಿಸಿದೆನಾ ಅಂತ ಅವನಿಗೆ ಖಾತ್ರಿ ಆಗಬೇಕಿತ್ತು. ಎರಡು ತಿಂಗಳಿಂದ ಮನೆಯಲ್ಲಿ ಅಭ್ಯಾಸ ಮಾಡಿಸಿದ್ದರಲ್ಲ, ಅದು. ಕೊಡೋ ಖುಷಿ ಇರಬೇಕಾದ ಜಾಗದಲ್ಲಿ ನೋಡುವವರ ಲೆಕ್ಕ ಬಂದು ಕೂತಿತ್ತು.

ಅವನ ಅಮ್ಮನನ್ನು ಬೈಯಲು ನನಗೆ ಮನಸ್ಸಿಲ್ಲ. ಅವಳು ಸಂಜೆ ಬಂದು ಕಾಫಿ ಕುಡಿಯುತ್ತಾ ಅತ್ತಳು. "ಅಕ್ಕ, ಈಗ ಸಿಕ್ಕಿದ್ರೆ ಹದಿನೆಂಟು ವರ್ಷದ ತನಕ ಯೋಚನೆ ಇರ್ತಿರ್ಲಿಲ್ಲ. ಈಗ ಮತ್ತೆ ಸೆವೆನ್ ಪ್ಲಸ್, ಇಲೆವೆನ್ ಪ್ಲಸ್" ಅಂದಳು. ಏಳಕ್ಕೆ, ಹನ್ನೊಂದಕ್ಕೆ ಮತ್ತೆ ಬರುವ ಪ್ರವೇಶ ಪರೀಕ್ಷೆಗಳು ಅವು. ಅವಳ ಲೆಕ್ಕದಲ್ಲೂ ಅರ್ಥವಿದೆ. ಕೆಲವು ಶಾಲೆಗಳಲ್ಲಿ ಒಮ್ಮೆ ಒಳಗೆ ಹೋದರೆ ಕೊನೆ ತನಕ ಅಲ್ಲೇ ಓದಬಹುದು. 2025ರ ಜನವರಿಯಿಂದ ಖಾಸಗಿ ಶಾಲೆ ಫೀಸಿನ ಮೇಲೆ ಶೇ. 20 ವ್ಯಾಟ್ ಕೂಡ ಬಂದಿದೆ. ಅದನ್ನೂ ಹೊಂದಿಸಿಕೊಳ್ಳಲು ಗಂಡ ಹೆಂಡತಿ ತಯಾರಾಗಿದ್ದರು. ಅವಳದು ದೊಡ್ಡಸ್ತಿಕೆ ಅಲ್ಲ, ಭಯ. ಪರದೇಶದಲ್ಲಿ ನಮಗೆ ಅಣ್ಣ ತಮ್ಮ, ಪರಿಚಯದ ಮೇಷ್ಟ್ರು, ಊರಿನ ಹೆಸರು ಯಾವುದೂ ಇಲ್ಲ. ಮಗುವಿನ ಕೈಗೆ ಒಂದು ಒಳ್ಳೆ ಶಾಲೆಯ ಹೆಸರಾದರೂ ಇರಲಿ ಅಂತ ಆಸೆ. ಆ ಆಸೆ ನನಗೂ ಗೊತ್ತು.

ಆದರೆ ಒಂದು ವಿಷಯ ಊರಿನವರಿಗೆ ಹೇಳಲೇಬೇಕು. ಇಂಗ್ಲೆಂಡಿನಲ್ಲಿ ಖಾಸಗಿ ಶಾಲೆಗೆ ಹೋಗುವವರು ನೂರಕ್ಕೆ ಆರೇಳು ಮಕ್ಕಳು ಅಷ್ಟೇ. ಮಿಕ್ಕವರಲ್ಲಿ ಬಹುತೇಕರು ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಗೇ ಹೋಗುವುದು. ನನ್ನ ಮಗಳೂ ಅಲ್ಲೇ ಓದುತ್ತಿರುವುದು. ಆ ಶಾಲೆಗಳಿಗೆ ಪ್ರವೇಶದ ನಿಯಮಾವಳಿ ಇದೆ. ಮಗುವನ್ನಾಗಲಿ ಅಪ್ಪ ಅಮ್ಮನನ್ನಾಗಲಿ ಸಂದರ್ಶನ ಮಾಡುವಂತಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಜನವರಿ 15ರ ಒಳಗೆ ಕೌನ್ಸಿಲ್‌ಗೆ, ಅಂದರೆ ಇಲ್ಲಿನ ಸ್ಥಳೀಯ ಆಡಳಿತಕ್ಕೆ, ಅರ್ಜಿ ಹಾಕಬೇಕು, ಏಪ್ರಿಲ್ 16ಕ್ಕೆ ಯಾವ ಶಾಲೆ ಅಂತ ತಿಳಿಸುತ್ತಾರೆ. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಸಾಮಾನ್ಯವಾಗಿ ಸರ್ಕಾರದ ಆಸರೆಯಲ್ಲಿರುವ, ಹಿಂದೆ ಇದ್ದ ಮಕ್ಕಳಿಗೆ ಮೊದಲು, ಅಣ್ಣನೋ ಅಕ್ಕನೋ ಅಲ್ಲೇ ಓದುತ್ತಿದ್ದರೆ ಆಮೇಲೆ, ಮಿಕ್ಕಿದ್ದು ಮನೆ ಎಷ್ಟು ಹತ್ತಿರ ಅನ್ನುವುದರ ಮೇಲೆ. ನನ್ನ ಮಗಳಿಗೆ ಸೀಟು ಕೊಟ್ಟಾಗ ಅವಳಿಗೆ ಬಣ್ಣ ಗೊತ್ತಾ, ಅಂಕಿ ಗೊತ್ತಾ, ಅವಳಪ್ಪನ ಸಂಬಳ ಎಷ್ಟು ಅಂತ ಒಬ್ಬರೂ ಕೇಳಲಿಲ್ಲ. ಇದರಲ್ಲೂ ಆಟಗಳಿವೆ. ಒಳ್ಳೆ ಹೆಸರಿನ ಶಾಲೆ ಸುತ್ತ ಮನೆ ಬಾಡಿಗೆ ಏರುತ್ತದೆ, ಇದ್ದವರು ಅಲ್ಲಿಗೆ ಹೋಗಿ ನೆಲೆಸುತ್ತಾರೆ. ಆದರೆ ರಿಸೆಪ್ಷನ್‌ಗೆ ಸೀಟು ಕೊಡುವಾಗ ಯಾವ ಮಗುವನ್ನೂ ಮೇಜಿನ ಮುಂದೆ ಕೂರಿಸಿ ಅಳೆಯುವುದಿಲ್ಲ.

ಈಗ ನಮ್ಮ ಊರಿನ ಮಾತಿಗೆ ಬರುತ್ತೇನೆ, ನೋವಾದದ್ದು ಅಲ್ಲಿಯೇ. ಶಿಕ್ಷಣ ಹಕ್ಕು ಕಾಯ್ದೆ ಬಂದಿದ್ದು 2009ರಲ್ಲಿ. ಅದರ 13ನೇ ಸೆಕ್ಷನ್ ಇಂಗ್ಲೆಂಡಿನ ನಿಯಮಕ್ಕಿಂತ ಒಂದು ಹೆಜ್ಜೆ ಮುಂದಿದೆ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಂಥ ಕೆಲವನ್ನು ಬಿಟ್ಟರೆ, ಸರ್ಕಾರಿ, ಖಾಸಗಿ ಅಂತ ಭೇದ ಇಲ್ಲದೆ ಯಾವ ಶಾಲೆಯೂ ಸೇರಿಸಿಕೊಳ್ಳುವಾಗ ಮಗುವನ್ನು, ತಂದೆ ತಾಯಿಯನ್ನು ಪರೀಕ್ಷೆಗೆ ಒಡ್ಡಬಾರದು, ಕ್ಯಾಪಿಟೇಷನ್ ಶುಲ್ಕ, ಅಂದರೆ ಡೊನೇಷನ್, ತಗೊಳ್ಳಬಾರದು. ಪರೀಕ್ಷೆ ಮಾಡಿದರೆ ಮೊದಲ ಸಲ 25,000 ರೂಪಾಯಿ, ಮತ್ತೆ ಮಾಡಿದರೆ ಪ್ರತಿ ಸಲ 50,000 ರೂಪಾಯಿ ತನಕ ದಂಡ. ಡೊನೇಷನ್ ಮೇಲೆ ಕರ್ನಾಟಕದ್ದೇ ನಿಷೇಧ ಕಾಯ್ದೆ 1984ರಿಂದ ಇದೆ. ಇಷ್ಟೆಲ್ಲ ಇದ್ದೂ ಒಂದು ಸಂದಿ ಉಳಿದುಬಿಟ್ಟಿದೆ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳದ್ದು. ಬಡ ಮಕ್ಕಳ ಶೇ. 25 ಸೀಟು ಬಿಟ್ಟರೆ ನರ್ಸರಿ ಪ್ರವೇಶಕ್ಕೆ ಅದು ಅನ್ವಯಿಸುವುದಿಲ್ಲ ಅಂತ ದೆಹಲಿ ಹೈಕೋರ್ಟ್ 2013ರಲ್ಲಿ ಹೇಳಿತು. ನಮ್ಮ ಮಕ್ಕಳು ದೊಡ್ಡ ಶಾಲೆಗಳ ಗೇಟು ದಾಟುವುದೇ ನರ್ಸರಿಯಲ್ಲಿ, ಎಲ್‌ಕೆಜಿಯಲ್ಲಿ. ಆರು ವರ್ಷದವರಿಗೆ ಇರುವ ರಕ್ಷಣೆ ಮೂರು ವರ್ಷದವರಿಗೆ ಇಲ್ಲ ಅಂದರೆ ಏನು ನ್ಯಾಯ?

ಬೆಂಗಳೂರಿನಲ್ಲಿ ಇದಕ್ಕೆ ಇಂಟರ್‌ವ್ಯೂ ಅನ್ನುವುದಿಲ್ಲ, 'ಇಂಟರಾಕ್ಷನ್' ಅನ್ನುತ್ತಾರೆ. ನನ್ನ ತಮ್ಮನ ಮಗಳಿಗೆ ಈಗ ಅದರ ತಯಾರಿ. ಭಾನುವಾರ ವಿಡಿಯೋ ಕಾಲ್‌ನಲ್ಲಿ "ಅತ್ತೆ, ಮೈ ಫೇವರಿಟ್ ಕಲರ್ ಈಸ್ ರೆಡ್" ಅಂದಳು. ಅವಳಿಗೆ ಇಷ್ಟ ಹಳದಿ. ಅವಳ ಚಪ್ಪಲಿ, ಬಾಟಲಿ, ಕೂದಲಿನ ಕ್ಲಿಪ್ ಎಲ್ಲಾ ಹಳದಿ. ಯೆಲ್ಲೋ ಅನ್ನುವಾಗ ತೊದಲುತ್ತಾಳೆ ಅಂತ ಅವಳಮ್ಮ ಕೆಂಪು ಕಲಿಸಿದ್ದಾಳೆ.

ನಾನು ಶಾಲೆಗೆ ಸೇರಿದ್ದು ತಿಪಟೂರಿನ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ. ಅಲ್ಲೂ ಒಂದು ಪರೀಕ್ಷೆ ಇತ್ತು. ಬಲಗೈಯನ್ನು ತಲೆ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಕರ್ನಾಟಕದ ಎಷ್ಟೋ ಹಳ್ಳಿಗಳ ಮಕ್ಕಳು ಶಾಲೆ ಸೇರಿದ್ದು ಹಾಗೇ. ಜನನ ಪ್ರಮಾಣಪತ್ರ ಇಲ್ಲದ ಕಾಲದಲ್ಲಿ ಆರು ವರ್ಷ ಆಗಿದೆಯಾ ಅಂತ ತಿಳಿಯಲು ಮೇಷ್ಟ್ರು ಕಂಡುಕೊಂಡ ದಾರಿ ಅದು. ನಮ್ಮ ಅಪ್ಪನಿಗೂ ಹಾಗೇ ನೋಡಿ, ಹುಟ್ಟಿದ ದಿನ ಜೂನ್ 1 ಅಂತ ಬರೆದುಬಿಟ್ಟಿದ್ದರು. ಅವರ ಸಹಪಾಠಿಗಳಲ್ಲಿ ಎಷ್ಟೋ ಜನರದ್ದು ಅದೇ ತಾರೀಖು. ನನ್ನ ಬೆರಳು ಕಿವಿಯ ತುದಿಗೆ ಬರೀ ತಾಗಿತು. ಜೊತೆಗೆ ಬಂದಿದ್ದ ಚಿಕ್ಕಪ್ಪನ ಮಗನಿಗೆ ತಾಗಲಿಲ್ಲ. ಮೇಷ್ಟ್ರು ಅವನ ತಲೆ ಸವರಿ, "ಮುಂದಿನ ವರ್ಷ ಮುಟ್ಟುತ್ತೆ ಬಿಡು, ಅಲ್ಲೀವರೆಗೂ ಸುಮ್ನೆ ಬಂದು ಅಕ್ಕನ ಪಕ್ಕ ಕೂತ್ಕೊ" ಅಂದರು. ಅವನು ಇಡೀ ವರ್ಷ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದೆ ನನ್ನ ಸ್ಲೇಟಿನ ಮೇಲೆ ಗೀಚಿಕೊಂಡು ಕೂತಿದ್ದ. ಕೈ ಎಲ್ಲರದ್ದೂ ಬೆಳೆಯುತ್ತದೆ. ಆ ಪರೀಕ್ಷೆಯಲ್ಲಿ ಬೇಡವಾದ ಮಗು ಅಂತ ಯಾರೂ ಇರಲಿಲ್ಲ.

ಆ ಶಾಲೆಯನ್ನು ಹೊಗಳಿ ಅಲ್ಲಿಗೇ ಬಿಡುವುದೂ ಸರಿಯಲ್ಲ. ಎರಡು ತರಗತಿಗೆ ಒಬ್ಬರೇ ಮೇಷ್ಟ್ರು, ಹೆಣ್ಣುಮಕ್ಕಳಿಗೆ ಶೌಚಾಲಯ ಇರಲಿಲ್ಲ. ಓದಿ ಮುಂದೆ ಬಂದ ನಾವು ಯಾರೂ ನಮ್ಮ ಮಕ್ಕಳನ್ನು ಅಂಥ ಶಾಲೆಗೆ ಸೇರಿಸಲಿಲ್ಲ, ಅದನ್ನು ಸರಿ ಮಾಡಿ ಅಂತ ಗಟ್ಟಿಯಾಗಿ ಕೇಳಲೂ ಇಲ್ಲ. ಮನೆ ಹತ್ತಿರದ ಶಾಲೆ ನೆಚ್ಚಿಕೊಳ್ಳುವಂತಿದ್ದರೆ ದೂರದ ಗೇಟಿನ ಮುಂದೆ ಮಗುವನ್ನು ನಿಲ್ಲಿಸುವ ಅಗತ್ಯವೇ ಬರುವುದಿಲ್ಲ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ನಡೆಯುವ ಕರ್ನಾಟಕ ಪಬ್ಲಿಕ್ ಶಾಲೆಗಳ ಬಗ್ಗೆ ಕೇಳಿದಾಗ ನನಗೆ ಆಸೆ ಹುಟ್ಟುವುದು ಇದಕ್ಕೇ.

ನಮ್ಮ ಗಾಬರಿಯೂ ಕಡಿಮೆ ಆಗಬೇಕು. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅಂತ ಸರ್ಕಾರ ನಿಯಮ ಮಾಡಿತು. ಪೋಷಕರು ಒತ್ತಾಯ ಮಾಡಿ, 2025-26ಕ್ಕೆ ಮಾತ್ರ ಅನ್ವಯಿಸುವಂತೆ ಐದು ವರ್ಷ ಐದು ತಿಂಗಳಿಗೆ ಸಡಿಲ ಮಾಡಿಸಿಕೊಂಡರು. ಆಗಲೇ ಯುಕೆಜಿ ಮುಗಿಸಿದ ಮಕ್ಕಳ ಕಷ್ಟ ನಿಜವೇ. ಆದರೆ "ಒಂದು ವರ್ಷ ವೇಸ್ಟ್ ಆಗುತ್ತೆ" ಅನ್ನುವ ಮಾತು ಕೇಳಿದರೆ ನನಗೆ ಸಂಕಟ. ಐದು ವರ್ಷದ ಮಗು ಆಡಿಕೊಂಡು ಇನ್ನೊಂದು ವರ್ಷ ಕಳೆದರೆ ಅದರಲ್ಲಿ ವೇಸ್ಟ್ ಆಗುವುದೇನು?

ಮೊನ್ನೆ ತಮ್ಮನಿಗೆ ಫೋನ್ ಮಾಡಿ ಈ ಹುಡುಗ ಕೇಳಿದ್ದನ್ನು ಹೇಳಿದೆ. ಸ್ವಲ್ಪ ಹೊತ್ತು ಅವನು ಮಾತಾಡಲಿಲ್ಲ. ಅವರ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಇನ್ನೊಂದು ಶಾಲೆ ಇದೆ. ಅಲ್ಲಿ ಜನನ ಪ್ರಮಾಣಪತ್ರ, ಆಧಾರ್, ಲಸಿಕೆ ಕಾರ್ಡ್ ನೋಡಿ, ಫೀಸು ಎಷ್ಟು ಅಂತ ಚೀಟಿಯಲ್ಲಿ ಬರೆದು ಕೊಟ್ಟರಂತೆ, ಮಗುವನ್ನು ಏನೂ ಕೇಳಲಿಲ್ಲವಂತೆ. "ಏನೂ ಕೇಳಲ್ಲ ಅಂದ್ರೆ ಶಾಲೆ ಅಷ್ಟೇನೂ ಚೆನ್ನಾಗಿಲ್ಲ ಅನ್ಸುತ್ತೆ ಅಕ್ಕ" ಅಂದ. ಇಷ್ಟು ವರ್ಷದಲ್ಲಿ ನಮ್ಮ ತಲೆಯಲ್ಲಿ ಏನು ತುಂಬಿಕೊಂಡಿದ್ದೇವೆ ನೋಡಿ. ಆ ಶಾಲೆಗೇ ಸೇರಿಸು, ಒಂದು ದಿನ ಹೋಗಿ ಟೀಚರ್‌ಗಳ ಜೊತೆ ಮಾತಾಡಿ ಬಾ, ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಆಟಕ್ಕೆ ಎಷ್ಟು ಹೊತ್ತು ಬಿಡುತ್ತಾರೆ ಕೇಳು, ಪ್ರಶ್ನೆ ಕೇಳಬೇಕಾದವನು ನೀನು ಅಂದೆ. ಇನ್ನೂ ತೀರ್ಮಾನ ಮಾಡಿಲ್ಲ. ಜನವರಿಯ ಇಂಟರಾಕ್ಷನ್‌ಗೂ ಹೆಸರು ಕೊಟ್ಟಿದ್ದಾರೆ. ಅದಕ್ಕೆ ಮುಂಚೆ ನಾನು ಇನ್ನೊಮ್ಮೆ ಫೋನ್ ಮಾಡುತ್ತೇನೆ, ಈ ಸಲ ಅವನ ಹೆಂಡತಿಗೆ.